ಹಸಿರು ಜೆರ್ಸಿಯಲ್ಲಿರುವವಳು

ಭಾನುವಾರದ ಪೂಜೆ ಮುಗಿದು ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಇಳಿದಿದ್ದರು. ಉದ್ದನೆಯ ಮೇಜಿನ ಮೇಲೆ ಕಾಫಿಯ ದೊಡ್ಡ ಪಾತ್ರೆ, ಗಸಗಸೆ ತುಂಬಿದ ಕೊಲಾಚೆ ಬನ್ನುಗಳ ತಟ್ಟೆಗಳು. ಮಾರ್ಸಿ ಕುಚೇರಾ ಒಂದು ತುಂಡು ಬಾಯಿಗಿಡುವಷ್ಟರಲ್ಲಿ ಬೇಕರಿಯ ಲೊರೆಟಾ ಬಂದು ಅವಳ ಮೊಣಕೈ ಹಿಡಿದಳು.

"ಏನೇ ಮಾರ್ಸಿ, ಇವತ್ತಾ?"

"ಏನು ಇವತ್ತು?"

"ನೋಡ್ರೇ ಇವಳ ನಾಟಕಾನ! ಹಸಿರೋ ನೀಲಿಯೋ ಅಷ್ಟು ಬಾಯ್ಬಿಡು ಸಾಕು. ಕೇಕಿಗೆ ಬಣ್ಣ ತರಿಸ್ಬೇಕು ನಾನು. ಆಮೇಲೆ ರಾತ್ರೋರಾತ್ರಿ ಬೇಕು ಅಂದ್ರೆ ಎಲ್ಲಿಂದ ತರ್ಲಿ?"

"ಬ್ರಿನ್ ಹೇಳೋವರೆಗೂ ನಾನು ಹೇಳೋ ಹಾಗಿಲ್ಲ."

"ಹೆತ್ತೋಳು ನೀನು, ಹೇಳೋಳು ಅವಳು! ಆಗ್ಲಮ್ಮ, ಫೋನು ಕೈಯಲ್ಲೇ ಇಟ್ಕೊಂಡಿರ್ತೀವಿ."

ಸುತ್ತಲಿದ್ದ ಹೆಂಗಸರು ನಕ್ಕರು. ಮಾರ್ಸಿಯೂ ನಕ್ಕಳು. ವೆಸೆಲಿ ಎಂಬ ಆ ಸಣ್ಣ ಊರಿನಲ್ಲಿ ಹುಡುಗಿಯೊಬ್ಬಳು ಕಾಲೇಜಿನ ತಂಡಕ್ಕೆ ವಾಲಿಬಾಲ್ ಆಡಲು ಹೊರಟರೆ ಅದು ಮನೆಯ ಸುದ್ದಿಯಲ್ಲ, ಊರಿನ ಸುದ್ದಿ. ಭಾನುವಾರ ಸಂಜೆ ಊಟ ಮುಗಿಯುವ ಹೊತ್ತಿಗೆ ಅವಳು ಫೋನಿನಲ್ಲಿ ಒಂದು ಫೋಟೋ ಹಾಕುತ್ತಾಳೆ. ಆ ಕಾಲೇಜಿನ ಬಣ್ಣದ ಜೆರ್ಸಿ ತೊಟ್ಟು, ಸೊಂಟದ ಮೇಲೆ ಚೆಂಡು ಇಟ್ಟುಕೊಂಡು ನಿಂತ ಫೋಟೋ. ಕೆಳಗೆ ದೇವರಿಗೆ, ಅಪ್ಪ ಅಮ್ಮನಿಗೆ, ಕೋಚ್‌ಗೆ ವಂದನೆ. ಕೊನೆಯಲ್ಲಿ, ನಾನಿನ್ನು ಅಲ್ಲಿಯವಳು ಎಂಬ ಒಂದು ಸಾಲು. ಊರೆಲ್ಲ ಅದಕ್ಕೆ ಕೆಂಪು ಹೃದಯ ಒತ್ತುತ್ತದೆ. ಮರುದಿನ ಶಾಲೆಯ ಆಟದ ಅಂಗಳಕ್ಕೆ ಹೋಗುವ ದಾರಿಯ ಗೋಡೆಯ ಮೇಲೆ ಅದೇ ಫೋಟೋ ಬಾಗಿಲಿನಷ್ಟು ದೊಡ್ಡದಾಗಿ ತೂಗುತ್ತದೆ.

ಇದಕ್ಕೊಂದು ಕ್ರಮವಿತ್ತು. ಕೋಚ್ ಹೊಲುಬ್ ಪ್ರತಿ ವರ್ಷ ಹುಡುಗಿಯರನ್ನು ನೆಲದ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು. ಮೊದಲು ನಿಮಗೆ ಬೇಡವಾದ ಕಾಲೇಜುಗಳ ಕೋಚ್‌ಗಳಿಗೆ ಸ್ವಂತ ಬಾಯಿಂದ ಬೇಡ ಅನ್ನಿ. ಆಮೇಲೆ ನೀವು ಆರಿಸಿಕೊಂಡವರಿಗೆ ಹೂಂ ಅನ್ನಿ. ಆಮೇಲೆ ಅಜ್ಜಿಗೆ ತಿಳಿಸಿ. ಫೋನಿನಲ್ಲಿ ಹಾಕೋದು ಎಲ್ಲಕ್ಕಿಂತ ಕೊನೆ.

ಬ್ರಿನ್ ನೀಲಿಯವರಿಗೆ ಬೇಡ ಅಂದಾಗಿತ್ತು. ಎರಡು ರಾಜ್ಯ ದಾಟಿ ಪೂರ್ವಕ್ಕಿರುವ ಕಾರ್ವರ್ ಫಾಲ್ಸ್ ಕಾಲೇಜಿನ ಹಸಿರಿಗೆ ಹೂಂ ಅಂದಾಗಿತ್ತು. ಓದು, ವಸತಿ, ಊಟ ಎಲ್ಲ ಅವರದೇ ಎಂದು ಅಲ್ಲಿಯ ಕೋಚ್ ಫೋನಿನಲ್ಲಿ ಹೇಳಿದ್ದರು. ಸಹಿಯ ಕಾಗದ ಬರುವುದು ಮುಂದಿನ ನವೆಂಬರಿಗೆ. ಅಲ್ಲಿಯವರೆಗೆ ಎರಡೂ ಕಡೆ ಇದ್ದದ್ದು ಮಾತು ಮಾತ್ರ.

ಆ ಮಾತಾದ ವಾರದಲ್ಲೇ ಅಭ್ಯಾಸದ ಹೊತ್ತಿನಲ್ಲಿ ಬ್ರಿನ್ ಎತ್ತರಕ್ಕೆ ಹಾರಿ ಕಾಲು ತಪ್ಪಿ ಇಳಿದಿದ್ದಳು. ಮೊಣಕಾಲಿನೊಳಗೆ ಏನೋ ಲಟಕ್ಕೆಂದಿತು. ಇದು ಗೊತ್ತಿದ್ದದ್ದು ತಾಯಿ ಮಗಳಿಗೆ ಮಾತ್ರ. ಕೋಚ್ ಹೊಲುಬ್‌ಗೆ ಸ್ವಲ್ಪ ಉಳುಕಿದೆ ಎಂದಷ್ಟೇ ಹೇಳಿದ್ದರು. ಸ್ಕ್ಯಾನ್ ಗುರುವಾರಕ್ಕಿತ್ತು.

ಗುರುವಾರದೊಳಗೆ ಫೋಟೋ ಹಾಕಿಬಿಡಬೇಕು ಎಂದು ಮಾರ್ಸಿ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಫೋನಿನಲ್ಲಿ ಆಡಿದ ಮಾತನ್ನು ಯಾರು ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಊರೆದುರು ಹೇಳಿಯಾದ ಮೇಲೆ, ಸಾವಿರ ಜನ ಹೃದಯ ಒತ್ತಿಯಾದ ಮೇಲೆ, ಯಾವ ಕಾಲೇಜು ತಾನೇ ಗಾಯವಾದ ಹುಡುಗಿಯನ್ನು ಬಿಟ್ಟು ಕೆಟ್ಟ ಹೆಸರು ತಂದುಕೊಳ್ಳುತ್ತದೆ? ಗಂಡ ಡ್ವೇನ್ ಟ್ರಕ್ಕಿನಲ್ಲೇ ಬದುಕು ಕಳೆಯುತ್ತಿದ್ದ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂತು ಅವಳು ತರುವ ಸಂಬಳ ಎಲ್ಲಿಗೂ ಸಾಲುತ್ತಿರಲಿಲ್ಲ. ಹಸಿರು ಹೋದರೆ ಬ್ರಿನ್‌ಗೆ ಬೇರೆ ಕಾಲೇಜೇ ಇರಲಿಲ್ಲ.

ಮನೆಗೆ ಬಂದಾಗ ಬ್ರಿನ್ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದಳು. ಮೊಣಕಾಲಿನ ಮೇಲೆ ಫ್ರೀಜರಿನ ಬಟಾಣಿ ಪೊಟ್ಟಣ.

"ಇವತ್ತು ಹಾಕಿಬಿಡು ಕಂದಾ," ಎಂದಳು ಮಾರ್ಸಿ, ಕೋಟನ್ನೂ ಕಳಚದೆ.

"ಗುರುವಾರ ಆಗ್ಲಿ ಅಮ್ಮ."

"ಗುರುವಾರ ಏನೂ ಇರಲ್ಲ. ಊತ, ಅಷ್ಟೇ."

"ಏನೂ ಇರಲ್ಲ ಅಂದ್ಮೇಲೆ ಕಾಯೋಕೆ ಏನು ಕಷ್ಟ?"

"ಮಾತಿಗೆ ಮಾತು ಕೊಡ್ಬೇಡ. ಒಂದು ಫೋಟೋ ಹಾಕೋದಕ್ಕೆ ಇಷ್ಟು ರಗಳೆಯಾ?"

"ಕೈಗೆ ಕಾಗದ ಬರೋವರೆಗೂ ಹಾಕಲೇಬೇಡ ಅಂದ್ಲು ಶೆಲ್ಬಿ."

"ಯಾವ ಶೆಲ್ಬಿ?"

"ಜೆಲಿನೆಕ್ ಶೆಲ್ಬಿ. ಇನ್ಯಾರು?"

"ಅವಳು ಕಾರ್ವರ್ ಫಾಲ್ಸ್‌ನಲ್ಲಿದ್ದಾಳಲ್ಲ," ಎಂದಳು ಮಾರ್ಸಿ, ಕೋಟಿನ ಗುಂಡಿ ಬಿಚ್ಚುತ್ತ. "ನಿನ್ನೆ ತಾನೇ ಪಂದ್ಯ ಇತ್ತು. ಗೆದ್ರಂತೆ."

ಬಟಾಣಿಯ ಪೊಟ್ಟಣ ಜಾರಿ ನೆಲಕ್ಕೆ ಬಿತ್ತು. ಬ್ರಿನ್ ಅದನ್ನು ಎತ್ತಿಕೊಳ್ಳದೆ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಅಮ್ಮ. ಶುಕ್ರವಾರ ಅಂಗಡೀಲಿ ನಮ್ಮ ಸಾಮಾನು ಚೀಲಕ್ಕೆ ಹಾಕಿಕೊಟ್ಟೋಳು ಶೆಲ್ಬಿ. ನೀನೂ ಅಲ್ಲೇ ನಿಂತಿದ್ದೆ."

ಮಾರ್ಸಿಯ ಬೆರಳು ಗುಂಡಿಯ ಮೇಲೆ ನಿಂತಿತು. ನಿಜ. ಶುಕ್ರವಾರ ಎರಡು ಕೈಗಳು ಬ್ರೆಡ್ಡನ್ನು ಮೇಲೆ, ಹಾಲನ್ನು ಕೆಳಗೆ ಇಟ್ಟಿದ್ದವು. ಆ ಕೈಗಳ ನೆನಪು ಅವಳಿಗಿತ್ತು. ಕೈಗಳ ಮೇಲೆ ಒಂದು ಮುಖವಿತ್ತೆಂಬುದು ಮಾತ್ರ ನೆನಪಿರಲಿಲ್ಲ.

ಶೆಲ್ಬಿಯ ಕತೆ ಊರಿಗೆ ಗೊತ್ತಿಲ್ಲದ್ದೇನಲ್ಲ. ಅವಳೂ ಇದೇ ಅಂಗಳದಲ್ಲಿ ಆಡಿದವಳು, ಇದೇ ಹಸಿರಿಗೆ ಹೂಂ ಅಂದವಳು. ಮಾತಾದ ಸಂಜೆಯೇ ಫೋಟೋ ಹಾಕಿದ್ದಳು. ಲೊರೆಟಾ ಹಸಿರು ಕೇಕು ಮಾಡಿದ್ದಳು. ಗೋಡೆಯ ಮೇಲೆ ಫೋಟೋ ಏರಿತ್ತು. ಆಮೇಲೆ ಆ ಕಾಲೇಜಿಗೆ ಹೊಸ ಕೋಚ್ ಬಂದರು, ಹಳಬರು ಕೊಟ್ಟ ಮಾತು ತಮ್ಮದಲ್ಲ ಎಂದರು. ಸಹಿಯ ಕಾಗದ ಬರಲೇ ಇಲ್ಲ. ಇದನ್ನು ಊರಿಗೆ ಹೇಳಬೇಕಾದವಳು ತಾಯಿ ನೋರೀನ್. ಅವಳಿಗೆ ಹೇಳಲಾಗಲಿಲ್ಲ. ಮಗಳು ಹೊರಡಬೇಕಿದ್ದ ಆಗಸ್ಟಿನಲ್ಲಿ ಶೆಲ್ಬಿಯ ಹೆಸರಿನ ಖಾತೆಯಲ್ಲಿ ಒಂದು ಫೋಟೋ ಬಂತು. ಕಾಲೇಜು ನೋಡಲು ಹೋಗಿದ್ದಾಗ ತೆಗೆದದ್ದು. ಕೆಳಗೆ, ಮೊದಲ ದಿನ, ಎಂದಿತ್ತು. ಊರವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನೋರೀನ್ ಚರ್ಚಿನಲ್ಲಿ ಎಲ್ಲರಿಗೂ ಬೇಕಾದವಳು, ಗಂಡನನ್ನು ಕಳೆದುಕೊಂಡವಳು. ಸುಳ್ಳು ಎಂದು ಅವಳ ಮುಖಕ್ಕೆ ಯಾರು ಹೇಳುತ್ತಾರೆ? ಒಬ್ಬರು ಹೃದಯ ಒತ್ತಿದರು. ಇನ್ನೊಬ್ಬರು ಒತ್ತಿದರು.

ಅಂದಿನಿಂದ ಶೆಲ್ಬಿ ಅಲ್ಲಿ ಆಡುತ್ತಲೇ ಇದ್ದಾಳೆ. ಗೆದ್ದ ಶನಿವಾರಗಳಿವೆ, ಹಾಸ್ಟೆಲಿನ ಊಟವಿದೆ, ಪರೀಕ್ಷೆಯ ದಿಗಿಲಿದೆ. ಚೆನ್ನಾಗಿ ಆಡಿದೆ ಮಗಳೇ ಎಂದು ಊರು ಬರೆಯುತ್ತದೆ. ಇತ್ತ ಇದ್ದ ಹುಡುಗಿಯನ್ನು ರಸ್ತೆಯಲ್ಲಿ ಕಂಡು ಮಾತಾಡಿಸಿದರೆ ಅತ್ತ ಬರೆದದ್ದು ಸುಳ್ಳಾಗುತ್ತದೆ. ಅದಕ್ಕೇ ಮೊದಮೊದಲು ಜನ ಮುಖ ತಿರುಗಿಸಿದರು, ಮರ್ಯಾದೆಗೆ. ತಿರುಗಿಸುವುದು ರೂಢಿಯಾಯಿತು. ಆಮೇಲೆ ತಿರುಗಿಸುವ ಅಗತ್ಯವೂ ಬೀಳಲಿಲ್ಲ.

ಸೋಮವಾರ ಕೆಲಸ ಮುಗಿಸಿದ ಮಾರ್ಸಿ ಅಂಗಡಿಗೆ ಹೋದಳು. ಬೇಕಾದದ್ದೇನೂ ಇರಲಿಲ್ಲ. ಡಬ್ಬಿ ಸಾಮಾನಿನ ಸಾಲಿನ ತುದಿಯಲ್ಲಿ ನಿಂತು ನೋಡಿದಳು. ಎತ್ತರದ ಹುಡುಗಿಯೊಬ್ಬಳು ಮಂಡಿಯೂರಿ ಕೆಳಗಿನ ಹಲಗೆಗೆ ಸೂಪಿನ ಡಬ್ಬಿ ಜೋಡಿಸುತ್ತಿದ್ದಳು. ಲೊರೆಟಾ ತಳ್ಳುಗಾಡಿ ನೂಕಿಕೊಂಡು, ಏನೋ ಗುನುಗುತ್ತ, ನೇರ ಅವಳ ಮೇಲೇ ಬಂದಳು. ಹುಡುಗಿ ತಲೆ ಎತ್ತದೆಯೇ ಸದ್ದು ಕೇಳಿ ಒಂದು ಪಕ್ಕಕ್ಕೆ ಸರಿದಳು. ಗಾಡಿ ಅವಳ ಬೆರಳ ತುದಿ ಸವರಿಕೊಂಡು ಹೋಯಿತು. ಲೊರೆಟಾಳ ಗುನುಗು ನಿಲ್ಲಲಿಲ್ಲ. ಅವಳು ಕೆಟ್ಟವಳಲ್ಲ. ರಸ್ತೆಯಲ್ಲಿ ಬೆಕ್ಕು ಅಡ್ಡ ಬಂದರೂ ಕಾರು ನಿಲ್ಲಿಸಿ ಕಾಯುವವಳು.

ಮಾರ್ಸಿ ಒಂದು ಡಜನ್ ಮೊಟ್ಟೆ ಎತ್ತಿಕೊಂಡು ಹಣ ಕೊಡುವಲ್ಲಿಗೆ ಬಂದಳು. ಅಷ್ಟರಲ್ಲಿ ಶೆಲ್ಬಿಯೂ ಅಲ್ಲಿಗೆ ಬಂದು ಚೀಲ ಬಿಡಿಸಿ ನಿಂತಿದ್ದಳು.

"ಕಾಗದದ್ದಾ, ಪ್ಲಾಸ್ಟಿಕ್ಕಾ?"

"ಪ್ಲಾಸ್ಟಿಕ್," ಎಂದಳು ಮಾರ್ಸಿ ಚೀಲವನ್ನು ನೋಡುತ್ತ. ಕತ್ತು ಎತ್ತಬೇಕು ಅಂದುಕೊಂಡಳು. ಅಷ್ಟು ಸಣ್ಣ ಕೆಲಸ. ಕುತ್ತಿಗೆಯ ಹಿಂದೆ ಯಾರೋ ಅಂಗೈ ಇಟ್ಟು ಒತ್ತಿ ಹಿಡಿದ ಹಾಗಿತ್ತು. ಕಷ್ಟಪಟ್ಟು ಎತ್ತಿದಳು. ಮುಖ ಬೆಳ್ಳಗಿತ್ತು, ತುಟಿ ಒಣಗಿತ್ತು, ಕಣ್ಣು ಗೋಡೆಯ ಮೇಲಿನ ಫೋಟೋದ್ದಕ್ಕಿಂತ ತೀರ ಚಿಕ್ಕದು.

"ಶೆಲ್ಬಿ."

ಹುಡುಗಿ ಬೆಚ್ಚಿ ಸುತ್ತ ನೋಡಿದಳು. "ಜೋರಾಗಿ ಕರೀಬೇಡಿ ಮಿಸೆಸ್ ಕುಚೇರಾ. ಅವರಿಗೆಲ್ಲ ಮುಜುಗರ ಆಗುತ್ತೆ."

"ನಿನಗೆ?"

"ನಂಗೆ ಅಭ್ಯಾಸ ಆಗಿದೆ." ಮೊಟ್ಟೆಯ ಪೆಟ್ಟಿಗೆ ತೆರೆದು ಒಂದೊಂದನ್ನೂ ಅಲುಗಿಸಿ ಒಡೆದಿಲ್ಲವೆಂದು ನೋಡಿ ಮುಚ್ಚಿದಳು. "ಬ್ರಿನ್‌ಗೆ ಹೇಳಿ, ಕಾಯಲಿ. ಒಂದ್ಸಲ ಹಾಕಿದ್ರೆ ಇಲ್ಲಿರೋ ಇವಳು ಬೇರೆ, ಫೋಟೋದಲ್ಲಿರೋ ಅವಳು ಬೇರೆ ಆಗ್ಬಿಡ್ತಾರೆ. ಆಮೇಲೆ ಎಲ್ಲರಿಗೂ ಅವಳೇ ಇಷ್ಟ."

ಗಲ್ಲಾದ ಹಿಂದೆ ಕೂತಿದ್ದವನು ಮಾರ್ಸಿಯನ್ನು ವಿಚಿತ್ರವಾಗಿ ನೋಡಿದ. ಯಾರೊಂದಿಗೆ ಮಾತಾಡುತ್ತಿದ್ದೀರಿ ಎಂದು ಕೇಳದಷ್ಟು ಸೌಜನ್ಯ ಅವನಿಗಿತ್ತು.

ಮನೆಗೆ ಹೋಗಬೇಕಾದ ಮಾರ್ಸಿ ನೇರ ಜೆಲಿನೆಕ್‌ರ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಏನು ಕೇಳಲು ಬಂದೆನೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ನೋರೀನ್ ಬಾಗಿಲು ತೆರೆದು ಅಪ್ಪಿಕೊಂಡಳು. ಮನೆಯೊಳಗೆ ಎಲ್ಲಿ ನೋಡಿದರೂ ಹಸಿರು. ಹೊದಿಕೆ, ಕಾಫಿ ಲೋಟ, ಬಾಗಿಲ ಮುಂದಿನ ಚಾಪೆ.

"ಕೂತ್ಕೋ ಕೂತ್ಕೋ. ಮಾತಾಡೋಕೆ ಒಂದು ಜನ ಬಂತಲ್ಲ. ಮಗಳಿಲ್ಲದ ಮನೆ ಭಣಭಣ ಅನ್ನುತ್ತೆ ಕಣೇ."

"ಶೆಲ್ಬಿ ಹೇಗಿದ್ದಾಳೆ?" ಎಂದು ಮಾರ್ಸಿ ಕೇಳಿಯೇಬಿಟ್ಟಳು.

"ಸುಸ್ತು ಪಾಪ. ಅಭ್ಯಾಸ, ಓದು. ಫೋನು ಮಾಡೋಕೂ ಪುರುಸೊತ್ತಿಲ್ಲ." ನೋರೀನ್ ಒಲೆಯ ಮುಂದೆ ನಿಂತು ಮಾಂಸದ ಸಾರು ತಿರುವುತ್ತಿದ್ದಳು. "ನಿನ್ನವಳದು ಯಾವತ್ತು? ಬೇಗ ಹಾಕಿಸು. ತಡ ಮಾಡಿದ್ರೆ ಮಕ್ಕಳು ಏನೇನೋ ಯೋಚನೆ ಮಾಡ್ತಾವೆ. ಹಾಕಿಬಿಟ್ರೆ ಗಟ್ಟಿ. ಯಾರೂ ಕಿತ್ಕೊಳ್ಳೋಕೆ ಆಗಲ್ಲ. ನನ್ನ ನೋಡು, ಯಾರ್ ಕಿತ್ಕೊಂಡ್ರು?"

ಹಿಂಬಾಗಿಲು ತೆರೆಯಿತು. ಅಂಗಡಿಯ ಏಪ್ರನ್ ಇನ್ನೂ ತೊಟ್ಟಿದ್ದ ಶೆಲ್ಬಿ ಒಳಗೆ ಬಂದು ಸಿಂಕಿನಲ್ಲಿ ಕೈ ತೊಳೆದಳು. ನೋರೀನ್ ತಿರುಗಲಿಲ್ಲ. ಆದರೆ ಕೈ ಕಪಾಟಿಗೆ ಹೋಗಿ ಒಂದು ತಟ್ಟೆ ತೆಗೆಯಿತು, ಸಾರು ಬಡಿಸಿತು, ಮೇಜಿನ ಕೊನೆಯಲ್ಲಿ ಇಟ್ಟಿತು, ಪಕ್ಕದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡನ್ನೂ ಇಟ್ಟಿತು. ಕಣ್ಣು ಮಾರ್ಸಿಯ ಮೇಲೇ ಇತ್ತು. ಮಾತು ನಿಂತಿರಲಿಲ್ಲ.

"...ಹಬ್ಬಕ್ಕಾದ್ರೂ ಬರ್ತಾಳೇನೋ ಅಂತ ಕೋಣೆ ಒರೆಸಿಟ್ಟಿದ್ದೀನಿ."

ಶೆಲ್ಬಿ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಚಮಚ ತಟ್ಟೆಗೆ ತಾಗಿದಾಗಲೆಲ್ಲ ನೋರೀನ್ ದನಿ ಸ್ವಲ್ಪ ಏರುತ್ತಿತ್ತು, ಅಷ್ಟೇ.

ಭಯಪಡಬೇಕಿತ್ತು. ಮಾರ್ಸಿಗೆ ಭಯದ ಜೊತೆ ಇನ್ನೇನೋ ಆಯಿತು. ನೋರೀನ್ ಮುಖದಲ್ಲಿ ಚಿಂತೆಯ ಒಂದು ಗೆರೆಯೂ ಇರಲಿಲ್ಲ. ತನ್ನ ವಯಸ್ಸಿನ ಯಾವ ಹೆಂಗಸಿನ ಮುಖವೂ ಅಷ್ಟು ನುಣುಪಾಗಿರುವುದನ್ನು ಅವಳು ಕಂಡಿರಲಿಲ್ಲ. ಇವಳ ಮಗಳು ಸೋಲುವುದಿಲ್ಲ, ಬೀಳುವುದಿಲ್ಲ, ಗುರುವಾರ ಸ್ಕ್ಯಾನಿಗೆ ಹೋಗುವುದಿಲ್ಲ. ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

"ಬ್ರಿನ್ ಫೋಟೋ ತೋರ್ಸೇ," ಎಂದಳು ನೋರೀನ್. "ಬಣ್ಣ ಹೇಳ್ಬೇಡ, ಫೋಟೋ ತೋರ್ಸು. ನಾನು ಯಾರಿಗೂ ಹೇಳಲ್ಲ."

ಮಾರ್ಸಿ ಫೋನು ತೆರೆದು ತೋರಿಸಿದಳು. ಕಾಲೇಜಿನವರೇ ತೆಗೆದದ್ದು. ಹಿಂದೆ ಹೊಗೆ, ಮೇಲೆ ಬೆಳಕು, ಹಸಿರು ಜೆರ್ಸಿ. ಬ್ರಿನ್ ಗಲ್ಲದ ಮೇಲೆ ಚಿಕ್ಕಂದಿನಲ್ಲಿ ಜೋಕಾಲಿಯಿಂದ ಬಿದ್ದ ಗಾಯದ ಗುರುತಿದೆ. ಫೋಟೋದಲ್ಲಿ ಅದಿರಲಿಲ್ಲ. ಅವರು ಅಳಿಸಿದ್ದರು. ಅದನ್ನು ಮಾರ್ಸಿ ಈಗಷ್ಟೇ ಗಮನಿಸಿದಳು.

"ಹಸಿರಾ!" ನೋರೀನ್ ಕಣ್ಣಲ್ಲಿ ನೀರು ಬಂತು. "ನನ್ನ ಶೆಲ್ಬಿ ಜೊತೆಗೆ! ಕಳ್ಸೇ ಅದನ್ನ ನಂಗೆ. ಸುಮ್ನೆ ನೋಡ್ಕೊಳ್ಳೋಕೆ."

ಮೇಜಿನ ಕೊನೆಯಿಂದ ಶೆಲ್ಬಿ ತಲೆಯಾಡಿಸಿದಳು. ಬೇಡ, ಬೇಡ ಎಂದು. ಮಾರ್ಸಿ ಅದನ್ನು ನೋಡಿದಳು. ನೋಡಿಯೂ ಕಳಿಸಿದಳು.

ಕಾರು ಮನೆ ಮುಂದೆ ನಿಲ್ಲಿಸುವ ಹೊತ್ತಿಗೆ ಅವಳ ಫೋನು ಜೇನುಗೂಡಿನಂತೆ ಗುಂಯ್ಗುಡುತ್ತಿತ್ತು. ಶೆಲ್ಬಿಯ ಖಾತೆಯಲ್ಲಿ ಹೊಸ ಫೋಟೋ ಬಂದಿತ್ತು. ಹಸಿರು ಜೆರ್ಸಿಯ ಇಬ್ಬರು ಹುಡುಗಿಯರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಎರಡು ಬೇರೆ ಫೋಟೋಗಳನ್ನು ಸೇರಿಸಿದ್ದೆಂದು ಗೊತ್ತೇ ಆಗುತ್ತಿರಲಿಲ್ಲ. ಕೆಳಗೆ: "ನಮ್ಮೂರಿನ ಬ್ರಿನ್ ನನ್ನ ಬಳಿಗೇ ಬರುತ್ತಿದ್ದಾಳೆ! ನಿನ್ನ ಹಾಸಿಗೆ ಕಾಯುತ್ತಿದೆ."

ಊರೆಲ್ಲ ಹೃದಯ ಒತ್ತುತ್ತಿತ್ತು. ಹಸಿರು ಬಣ್ಣ ತರಿಸಿದೆ ಎಂದು ಲೊರೆಟಾ ಬರೆದಿದ್ದಳು.

ಬ್ರಿನ್ ಅದನ್ನು ತುಂಬ ಹೊತ್ತು ನೋಡಿದಳು. ಮಾರ್ಸಿ ಕೂಗಾಟಕ್ಕೆ ಸಿದ್ಧಳಾಗಿದ್ದಳು.

"ನೀನಾ ಕೊಟ್ಟಿದ್ದು?"

"ಸುಮ್ನೆ ನೋಡ್ತೀನಿ ಅಂದ್ಲು..."

"ಅಮ್ಮ, ಇವಳು ನಾನಲ್ಲ," ಎಂದಳು ಬ್ರಿನ್ ಮೆಲ್ಲಗೆ. "ನಂಗಿಂತ ಚೆನ್ನಾಗಿದ್ದಾಳೆ."

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ಕೂತು ಕಾರ್ವರ್ ಫಾಲ್ಸ್‌ನ ಕೋಚ್‌ಗೆ ಫೋನು ಮಾಡಿದಳು. ಮೊಣಕಾಲಿನ ವಿಷಯ ಹೇಳಿದಳು. ತಾಯಿ ಎದುರಿಗೆ ಕೂತಿದ್ದರೂ ಅವಳತ್ತ ನೋಡಲಿಲ್ಲ. ಆ ಕಡೆಯ ಹೆಂಗಸು ಒಳ್ಳೆಯವಳಂತೆ ಮಾತಾಡಿದಳು. ಹೇಳಿದ್ದು ಒಳ್ಳೇದಾಯ್ತು, ಸ್ಕ್ಯಾನ್ ನೋಡೋಣ ಎಂದಳು. ಆಮೇಲೆ ಕೇಳಿದಳು:

"ನೀನು ಬರ್ತಿದ್ದೀಯ ಅಂತ ಯಾರೋ ಹಾಕಿದ್ದಾರಲ್ಲ, ಶೆಲ್ಬಿ ಅಂತ. ಯಾರಮ್ಮ ಅವಳು? ನಮ್ಮ ತಂಡದಲ್ಲಿ ಆ ಹೆಸರಿನವರು ಯಾರೂ ಇಲ್ಲ."

ಬ್ರಿನ್ ಫೋನು ಕೆಳಗಿಟ್ಟಳು.

ಗೋಡೆಯ ಮೇಲೆ ಅವಳ ಫೋಟೋ ಅವತ್ತೇ ಏರಿತ್ತು. ಕ್ರಮ ತಪ್ಪಿತು ಎಂದು ಕೋಚ್ ಹೊಲುಬ್ ಗೊಣಗಿದರಂತೆ, ಆದರೂ ತೂಗಿಸಿದರು. ಊರು ಕೇಳುವಾಗ ಎಷ್ಟೆಂದು ಇಲ್ಲವೆನ್ನುವುದು? ಅಭ್ಯಾಸದಲ್ಲಿ ಬ್ರಿನ್ ಬೆಂಚಿನ ಮೇಲೆ ಕೂತಿದ್ದಳು. ಗೆಳತಿಯೊಬ್ಬಳು ನೀರು ಕುಡಿಯಲು ಬಂದು ತನ್ನ ಒದ್ದೆ ಟವೆಲನ್ನು ಬೆಂಚಿನ ಮೇಲೆ ಎಸೆದಳು. ಅದು ಬ್ರಿನ್ ತೊಡೆಯ ಮೇಲೆ ಬಿತ್ತು. ಗೆಳತಿ ಅದನ್ನು ಅಲ್ಲೇ ಬಿಟ್ಟು ಆಟಕ್ಕೆ ಓಡಿದಳು. ಇದನ್ನು ಬ್ರಿನ್ ರಾತ್ರಿ ಊಟಕ್ಕೆ ಕೂತಾಗ ನಗುನಗುತ್ತ ಹೇಳಿದಳು. ಹೇಳುತ್ತ ಹೇಳುತ್ತ ನಗು ನಿಂತಿತು.

ಗುರುವಾರದ ಸ್ಕ್ಯಾನಿನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿರುವುದು ಕಂಡಿತು. ಶಸ್ತ್ರಚಿಕಿತ್ಸೆ, ಆಮೇಲೆ ಒಂದು ವರ್ಷ ಆಟವಿಲ್ಲ. ಸಂಜೆಯೊಳಗೆ ಕಾರ್ವರ್ ಫಾಲ್ಸ್‌ನ ಕೋಚ್ ಫೋನು ಮಾಡಿ, ಈ ಸಲಕ್ಕೆ ಆಗುವುದಿಲ್ಲ, ವಾಸಿಯಾದ ಮೇಲೆ ಆಡುವುದನ್ನು ನೋಡೋಣ, ಎಂದರು. ಬ್ರಿನ್ ಸ್ವಲ್ಪ ಅತ್ತಳು. ಆಮೇಲೆ ಹಸಿವಾಗುತ್ತಿದೆ ಎಂದಳು. ಮಾರ್ಸಿಗೆ ಮಾತ್ರ ಅಳು ಬರಲಿಲ್ಲ. ಅವಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಆ ಜೋಡಿ ಫೋಟೋವನ್ನು ನೋಡುತ್ತ ಕೂತಳು. ಅಲ್ಲಿ ಯಾರ ಮೊಣಕಾಲಿಗೂ ಏನೂ ಆಗಿರಲಿಲ್ಲ.

ಚರ್ಚಿನ ತಪಸ್ಸಿನ ಕಾಲದ, ಮಾಂಸ ತಿನ್ನದ ಶುಕ್ರವಾರಗಳಲ್ಲಿ ಊರೆಲ್ಲ ಸಭಾಂಗಣದಲ್ಲಿ ಸೇರಿ ಕರಿದ ಮೀನು ತಿನ್ನುತ್ತದೆ. ಮರುದಿನ ಊರುಗೋಲು ಹಿಡಿದ ಮಗಳನ್ನು ಕರೆದುಕೊಂಡು ಮಾರ್ಸಿ ಒಳಗೆ ಕಾಲಿಟ್ಟಾಗ ಎಣ್ಣೆಯ ಘಮ, ಬಿಯರಿನ ಘಮ, ಮಕ್ಕಳ ಗಲಾಟೆ. ಲೊರೆಟಾ ಎರಡೂ ಕೈ ಚಾಚಿ ಬಂದಳು.

"ಬಾರೇ! ಹಸಿರು ಅವಳಿಗೆ ಎಷ್ಟು ಒಪ್ಪುತ್ತೆ ಗೊತ್ತಾ!"

"ಅವಳು ಹೋಗ್ತಿಲ್ಲ ಲೊರೆಟಾ. ಮೊಣಕಾಲು ಹರಿದುಹೋಗಿದೆ. ಅವರು ಬೇಡ ಅಂದ್ರು."

"ಆ ಬೆಳಕು, ಆ ಹೊಗೆ! ಸಿನಿಮಾದೋರ ಥರ ಬಂದಿದೆ ಕಣೇ."

"ಲೊರೆಟಾ, ಇಲ್ಲೇ ಇದ್ದಾಳಲ್ಲ. ಊರುಗೋಲು ನೋಡು."

ಲೊರೆಟಾ ನಗುತ್ತಲೇ ಇದ್ದಳು. ಅವಳ ನೋಟ ಬ್ರಿನ್ ಇದ್ದ ಕಡೆಗೆ ಹೊರಟು, ಬಂಡೆಗೆ ಬಡಿದ ನೀರಿನ ಹಾಗೆ ಎರಡು ಪಕ್ಕಕ್ಕೂ ಹರಿದುಹೋಯಿತು. "ನೀನು ಅದೃಷ್ಟವಂತೆ," ಎಂದು ಮಾರ್ಸಿಯ ಕೆನ್ನೆ ತಟ್ಟಿ ಹೋದಳು.

ಬ್ರಿನ್ ಕುಂಟುತ್ತ ಸಾಲಿನಲ್ಲಿ ನಿಂತಳು. ಮೀನು ಬಡಿಸುತ್ತಿದ್ದವರು ಮುದುಕ ಸ್ಟಾನ್ಲಿ, ಅವಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡಿದ್ದವರು. ಅವಳು ತಟ್ಟೆ ಚಾಚಿದಳು. ಇಕ್ಕಳ ಅವಳ ತಟ್ಟೆಯನ್ನು ದಾಟಿ ಹಿಂದಿನವರ ತಟ್ಟೆಗೆ ಮೀನು ಹಾಕಿತು.

"ಸ್ಟಾನ್ಲಿ ಮಾಮ, ನಂಗೂ ಹಾಕಿ."

ಹಿಂದಿನವರು ಅವಳನ್ನು ಬಳಸಿಕೊಂಡು ಮುಂದೆ ಹೋದರು. ಅವರ ಹಿಂದಿನವರೂ ಹೋದರು. ಯಾರೂ ನೂಕಲಿಲ್ಲ. ನೆಲದಲ್ಲಿ ಒಂದು ಕಂಬವಿದೆ ಎಂಬಂತೆ ಸಾಲು ಅವಳ ಸುತ್ತ ಬಾಗಿ ಹರಿಯಿತು. ಬ್ರಿನ್ ತಿರುಗಿ ತಾಯಿಯನ್ನು ನೋಡಿದಳು. ಆ ಮುಖದಲ್ಲಿದ್ದದ್ದು ನೋವಲ್ಲ, ಹೆದರಿಕೆ. ನೀನಾದರೂ ನನ್ನನ್ನು ನೋಡುತ್ತಿದ್ದೀಯಾ ಎಂಬ ಹೆದರಿಕೆ.

ಮಾರ್ಸಿ ನೋಡುತ್ತಿದ್ದಳು. ಆದರೆ ನೋಡಬೇಕೆಂದು ಮನಸ್ಸು ಮಾಡಿ ನೋಡಬೇಕಿತ್ತು. ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಎಷ್ಟು ಬೆಚ್ಚಗಿತ್ತು ಆ ಕಡೆ. ಅಭಿನಂದನೆಗಳು, ಕೇಕು, ಪ್ರತಿ ಶನಿವಾರದ ಗೆಲುವು. ನಾಲ್ಕು ವರ್ಷ ಬೇಕಾದರೂ ಊರು ಅದನ್ನು ಅವಳಿಗಾಗಿ ನಡೆಸಿಕೊಡುತ್ತಿತ್ತು, ಪ್ರೀತಿಯಿಂದಲೇ. ಅವಳು ಮಾಡಬೇಕಾದದ್ದು ಸುಮ್ಮನಿರುವುದು ಮಾತ್ರ. ದೂರದ ಮೇಜಿನಲ್ಲಿ ನೋರೀನ್ ಹಸಿರು ಶಾಲು ಹೊದ್ದು ಕೂತು ಅವಳಿಗೆ ಕೈ ಬೀಸುತ್ತಿದ್ದಳು. ಪಕ್ಕದ ಕುರ್ಚಿಯನ್ನು ಖಾಲಿ ಇಟ್ಟುಕೊಂಡಿದ್ದಳು.

ಮಾರ್ಸಿ ಸಾಲನ್ನು ಸೀಳಿಕೊಂಡು ಹೋಗಿ ಮಗಳ ತೋಳು ಹಿಡಿದಳು.

"ನಿನ್ನ ಫೋನು ತೆಗಿ. ಈಗ ಹಾಕು."

"ಈಗ? ಏನಂತ?"

"ಏನಿದೆಯೋ ಅದನ್ನ."

ಬ್ರಿನ್ ಒಂದು ಕ್ಷಣ ಯೋಚಿಸಿ ಅಡುಗೆಮನೆಯ ಕಿಂಡಿಯತ್ತ ಕೂಗಿದಳು. "ಶೆಲ್ಬಿ! ಒಂದ್ನಿಮಿಷ ಬಾ!" ಒಳಗೆ ತಟ್ಟೆ ತೊಳೆಯುತ್ತಿದ್ದ ಶೆಲ್ಬಿ ಒದ್ದೆ ಕೈಯಲ್ಲೇ ಬಂದಳು. ವಿಷಯ ತಿಳಿದು ದೂರದ ಮೇಜಿನಲ್ಲಿ ಕೂತ ತಾಯಿಯನ್ನು ನೋಡಿದಳು.

"ನಿನ್ನ ಹೆಸರೂ ಹಾಕ್ಲಾ?" ಎಂದಳು ಬ್ರಿನ್. "ಬೇಡ ಅಂದ್ರೆ ಬೇಡ."

ಶೆಲ್ಬಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ಒರೆಸಿಕೊಂಡಳು. "ಹಾಕು."

ಮಾರ್ಸಿ ಫೋಟೋ ತೆಗೆದಳು. ಕೊಳವೆ ದೀಪದ ಕೆಳಗೆ ಎಣ್ಣೆ ಮುಖದ ಇಬ್ಬರು ಹುಡುಗಿಯರು, ಊರುಗೋಲು, ಮೊಣಕಾಲಿಗೆ ಕಟ್ಟಿದ ಪಟ್ಟಿ. ಬ್ರಿನ್ ಬರೆದಳು: "ಇದು ನಾನು, ಈಗ, ಸಭಾಂಗಣದಲ್ಲಿ. ಮೊಣಕಾಲು ಹರಿದಿದೆ. ನಾನು ಕಾರ್ವರ್ ಫಾಲ್ಸ್‌ಗೆ ಹೋಗುತ್ತಿಲ್ಲ. ಪಕ್ಕದಲ್ಲಿರುವವಳು ಶೆಲ್ಬಿ. ಅವಳು ಯಾವತ್ತೂ ಹೋಗಿರಲಿಲ್ಲ. ನಮಗಿಬ್ಬರಿಗೂ ಹಸಿವಾಗಿದೆ."

ಒತ್ತಿದಳು.

ಸಭಾಂಗಣದ ಜೇಬುಗಳು, ಕೈಚೀಲಗಳು, ಮೇಜುಗಳು ಒಟ್ಟಿಗೇ ಗುಂಯ್ಗುಟ್ಟಿದವು. ಊಟಕ್ಕೆ ಮುಂಚಿನ ಪ್ರಾರ್ಥನೆಗೆಂಬಂತೆ ತಲೆಗಳೆಲ್ಲ ಬಾಗಿದವು. ಮಕ್ಕಳು ಕೂಡ ಸುಮ್ಮನಾದರು. ಬಾಣಲೆಯ ಚೊರಚೊರ ಮಾತ್ರ ಕೇಳುತ್ತಿತ್ತು. ಆಮೇಲೆ ಒಂದೊಂದೇ ತಲೆ ಮೇಲೆದ್ದು, ಕಣ್ಣುಗಳು ಕತ್ತಲೆಯಿಂದ ಹೊರಬಂದವರ ಕಣ್ಣುಗಳಂತೆ ಮಿಟುಕಿ ಹುಡುಕಿದವು.

"ಅಯ್ಯೋ, ಬ್ರಿನ್!" ಎಂದರು ಸ್ಟಾನ್ಲಿ. "ಕಾಲಿಗೇನಾಯ್ತಮ್ಮಾ? ಇಷ್ಟೊತ್ತು ನಿಂತೇ ಇದ್ಯಾ? ತಟ್ಟೆ ಕೊಡು ಇಲ್ಲಿ." ಎರಡು ತುಂಡು ಹಾಕಿ, ಮತ್ತೊಂದು ಹಾಕಿದರು. ಯಾರೋ ಓಡಿಬಂದು ಕುರ್ಚಿ ಎಳೆದು ಅವಳನ್ನು ಕೂರಿಸಿದರು.

ಶೆಲ್ಬಿಯ ಮುಂದೆ ಲೊರೆಟಾ ನಿಂತಿದ್ದಳು. ಕೊನೆಗೆ ಕೇಳಿದಳು: "ಶೆಲ್ಬಿ... ನೀನು ಯಾವಾಗ ಬಂದೆ?"

ಶೆಲ್ಬಿ ಮಾರ್ಸಿಯ ಕಡೆ ನೋಡಿದಳು. "ಈಗ ತಾನೇ," ಎಂದಳು.

ಆಗ ಫೋನುಗಳು ಮತ್ತೆ ಗುಂಯ್ಗುಟ್ಟಿದವು. ಬ್ರಿನ್ ಹಾಕಿದ್ದರ ಕೆಳಗೆ ಒಂದು ಸಾಲು ಬಂದಿತ್ತು, ಶೆಲ್ಬಿಯ ಹೆಸರಿನಲ್ಲಿ: "ನಿಮ್ಮನ್ನೆಲ್ಲ ನೋಡಿ ಖುಷಿಯಾಯಿತು. ನಾನೂ ಅಲ್ಲಿರಬೇಕಿತ್ತು!"

ದೂರದ ಮೇಜಿನಲ್ಲಿ ನೋರೀನ್ ಫೋನನ್ನು ಮಡಿಲಲ್ಲಿ ಇಟ್ಟು ಶಾಂತವಾಗಿ ಆಲೂಗಡ್ಡೆ ತಿನ್ನುತ್ತಿದ್ದಳು.

ಜನ ಆ ಸಾಲನ್ನು ಓದಿದರು. ಶೆಲ್ಬಿಯನ್ನು ನೋಡಿದರು. ಮತ್ತೆ ಸಾಲನ್ನು ನೋಡಿದರು. ಅಲ್ಲೊಂದು ಇಲ್ಲೊಂದು ನೋಟ ಆಗಲೇ ಹುಡುಗಿಯ ಮೇಲಿಂದ ಜಾರತೊಡಗಿದ್ದನ್ನು ಮಾರ್ಸಿ ಕಂಡಳು. ಲೊರೆಟಾಳ ಮುಖದಲ್ಲಿ ಆ ಹಳೆಯ ನಗು ಮೆಲ್ಲಗೆ ಮೂಡುತ್ತಿತ್ತು. ಮಾರ್ಸಿ ಶೆಲ್ಬಿಯ ಹೆಗಲ ಮೇಲೆ ಕೈಯಿಟ್ಟು ಬಿಗಿಯಾಗಿ ಹಿಡಿದಳು. ಒದ್ದೆ ಬಟ್ಟೆಯ ಕೆಳಗೆ ಮೂಳೆ ಇತ್ತು, ಬಿಸಿ ಇತ್ತು.

"ಸ್ಟಾನ್ಲಿ," ಎಂದಳು ಇಡೀ ಸಭಾಂಗಣಕ್ಕೆ ಕೇಳುವಂತೆ, "ಇವಳಿಗೂ ಹಾಕಿ. ಶೆಲ್ಬಿಗೆ."

ಸ್ಟಾನ್ಲಿ ಮೀನನ್ನು ಎತ್ತಿದರು. ಇಕ್ಕಳ ತಟ್ಟೆಯ ಮೇಲೆ ಗಾಳಿಯಲ್ಲಿ ನಿಂತಿತು. ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಾರ್ಸಿ ಕೈ ತೆಗೆಯಲಿಲ್ಲ.